ನಾಡಿದ್ದು ಬನ್ನಿ ಅನ್ನುವ ಅಕ್ಕ

ವ್ಯಾಪಾರಿಯ ಕಣ್ಣಿಗೆ ಆಕೆ ಲಾಭದ ಗಿರಾಕಿಯಲ್ಲ. ಎತ್ತರ ಐದಡಿಗೆ ಒಂದಂಗುಲ ಕಮ್ಮಿ. ಮೈಕಟ್ಟು ಗಟ್ಟಿ. ವಯಸ್ಸು ಐವತ್ತೆರಡು ಎಂದು ಆಕೆ ಹೇಳುತ್ತಾಳೆ, ಐವತ್ತಾರು ಎಂದು ನನ್ನ ಅಂದಾಜು. ಇಬ್ಬರೂ ಪಟ್ಟು ಬಿಟ್ಟಿಲ್ಲ. ಕಪ್ಪು ದಾರದಲ್ಲಿ ಎದೆಯ ಮೇಲೆ ತೂಗುವ ಕನ್ನಡಕ, ಸರಕು ಕಂಡ ಕೂಡಲೇ ಮೂಗಿಗೆ ಏರುತ್ತದೆ. ಚಪ್ಪಲಿ ಸವೆದಿದೆ, ನಡಿಗೆ ಸವೆದಿಲ್ಲ. ಚೌಕಾಸಿ ಮಾಡುವುದಿಲ್ಲ, ಕಾಡುಹರಟೆ ಇಲ್ಲ. ಇಷ್ಟು ಕೇಳಿದರೆ ಯಾವ ಅಂಗಡಿಯವನಾದರೂ ಕುರ್ಚಿ ಹಾಕಿ ಕೂರಿಸುತ್ತಾನೆ. ತಡೆಯಿರಿ, ಮುಂದಿನದನ್ನೂ ಕೇಳಿ.

ಮೂರು ತಿಂಗಳಿಗೊಮ್ಮೆ ಬರುತ್ತಾಳೆ, ಆರು ಡಬ್ಬಿ ಕೊಳ್ಳುತ್ತಾಳೆ. ಆ ಆರು ಡಬ್ಬಿಗೆ ನನ್ನ ಅರ್ಧ ಮಧ್ಯಾಹ್ನ ತಿನ್ನುತ್ತಾಳೆ. ಸೀಲು ತಡವಿ ನೋಡಬೇಕು. ತಯಾರಾದ ತಿಂಗಳು ಓದಬೇಕು. ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ನೀರಿನ ಸದ್ದು ಬಂದರೆ ಕ್ರೀಮು ಒಡೆದಿದೆ ಎಂದು ಅರ್ಥವಂತೆ. ಇಷ್ಟೆಲ್ಲ ಆದ ಮೇಲೆ ಕಡೆಯ ಪ್ರಶ್ನೆ.

"ಚೀಟಿ ಎಲ್ಲಿ ಸಾವ್ಕಾರ್ರೇ?"

ಚೀಟಿ ಎಂದರೆ ಪೆಟ್ಟಿಗೆಯೊಳಗೆ ಎಂಟು ಮಡಿಕೆ ಮಾಡಿ ತುರುಕಿರುವ ಕಾಗದ. ಹೇಗೆ ಹಚ್ಚಬೇಕು, ಎಷ್ಟು ನಿಮಿಷ ಬಿಡಬೇಕು, ಯಾರು ಮುಟ್ಟಲೇಬಾರದು ಎಂದು ಇರುವೆ ಸಾಲಿನಂಥ ಅಕ್ಷರಗಳಲ್ಲಿ ಬರೆದಿರುತ್ತದೆ. ಇಪ್ಪತ್ತೆಂಟು ವರ್ಷಗಳಿಂದ ಪಾರ್ಲರುಗಳಿಗೆ ಸಗಟು ಸರಕು ಮಾರುತ್ತಿದ್ದೇನೆ: ಶಾಂಪೂ, ಬಣ್ಣ, ಕತ್ತರಿ, ಕೂದಲು ನೇರ ಮಾಡುವ ಕ್ರೀಮು. ಇದನ್ನೆಲ್ಲ ಮಾರುವವನ ತಲೆಯ ಮೇಲೆ ಒಂದು ಎಳೆಯೂ ಇಲ್ಲ ಎಂಬುದು ಮಾರುಕಟ್ಟೆಯ ಹಳೆಯ ನಗೆ, ನೀವು ಹೊಸದಾಗಿ ಶುರು ಮಾಡಬೇಕಿಲ್ಲ. ಇಪ್ಪತ್ತೆಂಟು ವರ್ಷಗಳಲ್ಲಿ ಚೀಟಿ ಕೇಳಿದ ಗಿರಾಕಿ ಈಕೆಯೊಬ್ಬಳೇ.

"ಅಕ್ಕಾ, ನೀವು ತಲೆಗೆ ಕ್ರೀಮ್ ಹಚ್ತೀರೋ, ಚೀಟಿ ಹಚ್ತೀರೋ?" ಎಂದು ಕೆಣಕುತ್ತಿದ್ದೆ.

"ಮೊದ್ಲು ಚೀಟಿ. ಅದು ಹೂಂ ಅಂದ್ರೆ ಕ್ರೀಮು."

ಒಮ್ಮೆ ಕೆರಾಟಿನ್ ಎಂದು ಬಂಗಾರದ ಅಕ್ಷರದಲ್ಲಿ ಬರೆದ ಹೊಸ ಸರಕು ತೋರಿಸಿದೆ. ಆಕೆ ಮುಚ್ಚಳ ತೆಗೆದು ದೂರದಿಂದಲೇ ಕೈಬೀಸಿ ವಾಸನೆ ನೋಡಿದಳು, ಚೀಟಿ ಬಿಡಿಸಿದಳು, ಮತ್ತೆ ಮಡಿಸಿಟ್ಟಳು. "ಇದರಲ್ಲಿ ಫಾರ್ಮಲಿನ್ ಇದೆ. ಬಿಸಿ ತಾಗಿದ್ರೆ ಹೊಗೆ ಬರುತ್ತೆ. ಗಿರಾಕಿ ಒಂದ್ ದಿನ ಕುಡೀತಾಳೆ, ನಾನು ದಿನಾ ಕುಡೀಬೇಕು. ಒಳಗಿಡಿ." ಹೊರಟೇಬಿಟ್ಟಳು. ನಾನು ಆ ಪೆಟ್ಟಿಗೆಯನ್ನು ಮುಂದಿನ ಗಿರಾಕಿಗೆ ಮಾರಿದೆ. ಅವಳು ಏನೂ ಕೇಳಲಿಲ್ಲ, ನಾನು ಏನೂ ಹೇಳಲಿಲ್ಲ.

ಸುತ್ತಮುತ್ತಲ ಬೀದಿಗಳಲ್ಲಿ ಆಕೆಯನ್ನು ನಾಡಿದ್ದಕ್ಕ ಎನ್ನುತ್ತಾರೆ. ಚಪ್ಪಲಿ ಅಂಗಡಿಯ ಮೇಲೆ ಒಂದೇ ಕೋಣೆಯ ಪಾರ್ಲರು. ಹದಿನಾಲ್ಕು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ, "ಕೂದಲು ಸ್ಟ್ರೈಟ್ ಮಾಡಿ" ಎಂದು ಬಂದವರಿಗೆಲ್ಲ ಒಂದೇ ಉತ್ತರ: "ಆಯ್ತು, ನಾಡಿದ್ದು ಬನ್ನಿ." ಹಾಗೆಂದು ಬರಿಗೈಯಲ್ಲಿ ಕಳಿಸುವುದಿಲ್ಲ. ಕೂರಿಸಿ ಬುರುಡೆಯನ್ನು ಬೆರಳಿನಿಂದ ಬಿಡಿಸಿ ನೋಡುತ್ತಾಳೆ. ಗಾಯ, ಗುಳ್ಳೆ, ಕೆರೆದ ಗುರುತು ಇದ್ದರೆ ವಾಸಿಯಾದ ಮೇಲೆಯೇ ಮಾತು. ಕಿವಿಯ ಹಿಂದೆ ಕಾಳಿನಷ್ಟು ಕ್ರೀಮು ಚೀಟಿಯಲ್ಲಿ ಹೇಳಿದಂತೆ ಹಚ್ಚಿ ತೊಳೆಯುತ್ತಾಳೆ. ಆ ಜಾಗ ಎರಡು ದಿನದಲ್ಲಿ ಕೆಂಪಾದರೆ, ತುರಿಸಿದರೆ, ಆ ಗಿರಾಕಿಗೆ ಆ ಕ್ರೀಮು ಆಗಿಬರುವುದಿಲ್ಲ. ಕತ್ತಿನ ಹತ್ತಿರದಿಂದ ನಾಲ್ಕೈದು ಎಳೆ ಕತ್ತರಿಸಿ ಬಟ್ಟಲಲ್ಲಿ ಬೇರೆಯಾಗಿ ಪರೀಕ್ಷೆ ಮಾಡುತ್ತಾಳೆ. ನಂತರ ಆ ಎಳೆಗಳನ್ನು ಶಾಲೆ ಮಕ್ಕಳ ನೋಟ್‌ಬುಕ್ಕಿನಲ್ಲಿ ಅಂಟುಪಟ್ಟಿಯಿಂದ ಅಂಟಿಸಿ, ಪಕ್ಕದಲ್ಲಿ ತಾರೀಖು, ಕ್ರೀಮಿನ ಜಾತಿ, ಎಷ್ಟು ನಿಮಿಷ ಎಂದು ಬರೆಯುತ್ತಾಳೆ. ಅಂಥ ಹದಿನೇಳು ನೋಟ್‌ಬುಕ್ಕುಗಳಿವೆ. ತೆರೆದರೆ ಸುತ್ತಲಿನ ನಾಲ್ಕು ಬೀದಿಗಳ ಹೆಂಗಸರ ಕೂದಲೆಲ್ಲ ಹಾಜರಿ ಹಾಕಿದಂತೆ ಕಾಣುತ್ತದೆ.

ಬಂದವರಿಗೆ ಕೇಳುವ ಪ್ರಶ್ನೆಗಳೂ ಅದರಲ್ಲೇ ಇವೆ. ಹಿಂದೆ ತಲೆಗೆ ಏನು ಹಚ್ಚಿದ್ದೀರಿ, ಯಾವಾಗ? ಬಣ್ಣ ಹಾಕಿದ್ದೀರಾ? ಔಷಧಿ ಏನಾದರೂ ತಗೊಳ್ತೀರಾ? ಬಸುರಿಯೇ? ಬಸುರಿಯಾದರೆ "ಕೂಸು ಕೈಗೆ ಬರ್ಲಿ, ಆಮೇಲೆ ಡಾಕ್ಟ್ರನ್ನ ಕೇಳಿ ಬನ್ನಿ" ಎಂದು ಕಳಿಸುತ್ತಾಳೆ. ಚಿಕ್ಕ ಮಕ್ಕಳನ್ನು ಕರೆತಂದ ತಾಯಂದಿರಿಗೆ ಎರಡು ಜಡೆ ಹೆಣೆದು ಕೊಡುತ್ತಾಳೆ, ಕ್ರೀಮಿನ ಡಬ್ಬಿ ಮುಟ್ಟುವುದಿಲ್ಲ. ಕೊನೆಯದು ಮಾತ್ರ ಯಾವ ಚೀಟಿಯಲ್ಲೂ ಇಲ್ಲದ ಪ್ರಶ್ನೆ: "ಯಾರಿಗೋಸ್ಕರ ಮಾಡಿಸ್ಕೊಳ್ತಿದೀರಿ?" ಉತ್ತರ ಏನೇ ಬಂದರೂ ಬರೆದುಕೊಳ್ಳುತ್ತಾಳೆ, ಎದುರಾಡುವುದಿಲ್ಲ.

ಗೋಡೆಯ ಮೇಲೆ ಮೂರು ಗಡಿಯಾರಗಳಿವೆ. ಗಂಡ ಕೈಗಡಿಯಾರ ರಿಪೇರಿ ಮಾಡುವವನು, ಚಪ್ಪಲಿ ಅಂಗಡಿಯ ಮೂಲೆಯಲ್ಲೇ ಅವನ ಗಾಜಿನ ಪೆಟ್ಟಿಗೆ. ಒಂದು ಗಡಿಯಾರ ನೋಡಲು, ಒಂದು ಹೊಡೆಯಲು, ಇನ್ನೊಂದು ಇವೆರಡೂ ಕೈಕೊಟ್ಟರೆ ಇರಲಿ ಎಂದು. ಹೆಂಡತಿಯ ಮಾತು ಬಂದರೆ ಅವನು ಭೂತಗನ್ನಡಿ ಕಣ್ಣಿನಿಂದ ಇಳಿಸದೇ ಹೇಳುತ್ತಾನೆ: "ಮದ್ವೆ ಆಗ್ತೀಯಾ ಅಂತ ಕೇಳ್ದಾಗ್ಲೂ ನಾಡಿದ್ದು ಹೇಳ್ತೀನಿ ಅಂದಿದ್ಲು. ಆ ನಾಡಿದ್ದು ಬರೋಕೆ ಎರಡು ವರ್ಷ ಹಿಡೀತು. ಗಡಿಯಾರ ಕೊಟ್ಟಿದ್ದೇ ಅದಕ್ಕೆ."

ಈಗ ನನ್ನ ಮನೆಗೆ ಬರೋಣ. ನನಗೊಬ್ಬಳು ಮಗಳು. ನನ್ನ ತಾಯಿಯ ಕೂದಲು ನನ್ನನ್ನು ದಾಟಿ ಅವಳ ತಲೆಗೆ ಹೋಗಿದೆ: ಗುಂಗುರು, ದಟ್ಟ, ಬಾಚಣಿಗೆಯ ಹಲ್ಲು ಮುರಿಯುವಂಥದ್ದು. ಚಿಕ್ಕವಳಿದ್ದಾಗ ಶಾಲೆಯಲ್ಲಿ ಪೊರಕೆ ಅನ್ನುತ್ತಿದ್ದರಂತೆ. ಮನೆಯಲ್ಲಿ ಕಾಗೆಗೂಡು ಅನ್ನುತ್ತಿದ್ದವನು ನಾನು. ಪ್ರೀತಿಯಿಂದಲೇ ಅನ್ನುತ್ತಿದ್ದೆ. ಮಾತು ಚುರುಕಾಗಿದ್ದರೆ ಅದು ಯಾರಿಗೆ ಚುಚ್ಚಿತು ಎಂದು ನೋಡುವ ವ್ಯವಧಾನ ಇರುವುದಿಲ್ಲ. ವ್ಯಾಪಾರದಲ್ಲಿ ಅದು ಬಂಡವಾಳ, ಮನೆಯಲ್ಲಿ ಏನೆಂದು ತಿಳಿಯಲು ನನಗೆ ಇಪ್ಪತ್ತಮೂರು ವರ್ಷ ಬೇಕಾಯಿತು.

ಅವಳಿಗೆ ಹನ್ನೊಂದು ಕಡೆ ಇಲ್ಲವೆನ್ನಿಸಿಕೊಂಡ ಮೇಲೆ ಹನ್ನೆರಡನೆಯ ಕಡೆ ಕೆಲಸ ಸಿಕ್ಕಿತು. ದೊಡ್ಡ ಹೋಟೆಲಿನಲ್ಲಿ ಬಂದವರನ್ನು ಎದುರುಗೊಳ್ಳುವ ಕೌಂಟರಿನ ಕೆಲಸ. ಸೋಮವಾರ ಬೆಳಿಗ್ಗೆ ಸೇರಬೇಕು. ಆಯ್ಕೆ ಮಾಡಿದ ಅಧಿಕಾರಿ ಹೊರಡುವಾಗ ನಗುತ್ತಲೇ ಅಂದನಂತೆ, "ಕೂದಲು ಮಾತ್ರ ಸ್ವಲ್ಪ ನೀಟಾಗಿ ಮಾಡ್ಕೊಂಡು ಬನ್ನಿ." ಅವಳು ಅದನ್ನು ಎರಡು ದಿನ ಯಾರಿಗೂ ಹೇಳದೆ ನುಂಗಿಕೊಂಡಿದ್ದಳು. ಶನಿವಾರ ಬೆಳಿಗ್ಗೆ ಕನ್ನಡಿಯ ಮುಂದೆ ಅಳುತ್ತಾ ಕುಳಿತದ್ದನ್ನು ನೋಡಿ ನನ್ನ ಹೆಂಡತಿ ನನ್ನತ್ತ ತಿರುಗಿ ಹೇಳಿದಳು: "ಊರಿನ ತಲೆಗೆಲ್ಲ ಸರಕು ಕೊಡ್ತೀರ. ನಿಮ್ಮ ಮಗಳ ತಲೆಗೆ ಏನಾದ್ರೂ ಮಾಡಿ."

ಅಂಗಡಿಗೆ ಹೋಗಿ ಇದ್ದುದರಲ್ಲಿ ಎಲ್ಲಕ್ಕಿಂತ ದುಬಾರಿಯ ರಿಲ್ಯಾಕ್ಸರ್, ಅಂದರೆ ಕೂದಲು ನೇರ ಮಾಡುವ ಕ್ರೀಮಿನ ಪೆಟ್ಟಿಗೆ ಇಳಿಸಿದೆ. ಸೀಲು ಒಡೆದಿಲ್ಲ, ಚೀಟಿಯೂ ಒಳಗಿದೆ. ಪರಿಚಯವಿದ್ದ ಕೈ ಎಂದರೆ ನಾಡಿದ್ದಕ್ಕನದು. ಮಗಳನ್ನು ಕರೆದುಕೊಂಡು ಹದಿನಾಲ್ಕು ಮೆಟ್ಟಿಲು ಹತ್ತಿದೆ.

ಆಕೆ ಕಿಟಕಿ ತೆರೆದು, ಫ್ಯಾನನ್ನು ಹೊರಕ್ಕೆ ಗಾಳಿ ತಳ್ಳುವ ಹಾಗೆ ತಿರುಗಿಸುತ್ತಿದ್ದಳು. ನನ್ನನ್ನು ನೋಡಿ ನಕ್ಕಳು. "ಏನ್ ಸಾವ್ಕಾರ್ರೇ, ಚೀಟಿ ಮನೆಗೇ ತಂದ್ಕೊಡ್ತಿದೀರಾ?"

"ಚೀಟಿ, ಪೆಟ್ಟಿಗೆ, ಮಗಳು, ಮೂರೂ ತಂದಿದೀನಿ. ಮಧ್ಯಾಹ್ನದೊಳಗೆ ಮುಗಿಸ್ಕೊಡಿ."

"ಕೂತ್ಕೋ ಮಗಳೇ." ಅವಳ ಕೂದಲಿಗೆ ಎರಡೂ ಕೈ ಹಾಕಿ ತಡವಿದಳು, ಒಳ್ಳೆಯ ಬಟ್ಟೆಯ ನೇಯ್ಗೆ ನೋಡುವವರ ಹಾಗೆ. "ಎಂಥ ಕೂದಲು ಕೊಟ್ಟಿದಾನೆ ದೇವರು. ನಿಮ್ಮಪ್ಪನ ಪಾಲೂ ನಿಂಗೇ ಬಂದಿದೆ." ಮಗಳು ಅಳುಮೋರೆಯಲ್ಲೇ ನಕ್ಕಳು. "ನಾಡಿದ್ದು ಬಾ. ಮಾಡೋಣ."

"ಅಕ್ಕಾ, ನಾಡಿದ್ದು ಬೆಳಿಗ್ಗೆ ಅವಳು ಕೆಲಸದಲ್ಲಿರಬೇಕು," ಎಂದೆ. ನನ್ನ ದನಿ ಏರಿತ್ತು. "ಇಪ್ಪತ್ತಾರು ವರ್ಷ ಸರಕು ಕೊಟ್ಟವನಿಗೆ ಒಂದು ದಿನದ ದಾಕ್ಷಿಣ್ಯ ಬೇಡ್ವಾ? ಆಗಲ್ಲ ಅಂದ್ರೆ ಹೇಳಿ, ಎದುರಿನ ಪಾರ್ಲರಲ್ಲಿ ಈಗ್ಲೇ ಕೂರಿಸ್ತಾರೆ."

"ಕೂರಿಸ್ತಾರೆ. ಕರ್ಕೊಂಡ್ ಹೋಗಿ, ನಾನ್ ತಡೆಯಲ್ಲ." ಆಕೆಯ ದನಿ ಏರಲಿಲ್ಲ. "ಕಾಲು ಗಂಟೆ ಮಾತ್ರ ನಂಗ್ ಕೊಡಿ. ನಾಲ್ಕು ಎಳೆ ಕೂದಲು ಕೊಡಿ. ಆಮೇಲೆ ನಿಮ್ಮಿಷ್ಟ."

ಪ್ರಶ್ನೆಗಳು ಶುರುವಾದವು. ಹಿಂದೆ ಏನು ಹಚ್ಚಿದ್ದೀಯಾ ಎಂದಾಗ ಮಗಳು, "ಏನೂ ಇಲ್ಲ ಆಂಟಿ," ಎಂದಳು. ಯಾರಿಗೋಸ್ಕರ ಎಂದಾಗ, "ಕೆಲಸಕ್ಕೆ." ನಾಡಿದ್ದಕ್ಕ ಎರಡನ್ನೂ ಬರೆದುಕೊಂಡಳು. ಕತ್ತಿನ ಹಿಂದೆ, ಒಳಪದರದಿಂದ, ಎಳೆ ಕತ್ತರಿಸಿ ಬುಡಕ್ಕೆ ದಾರ ಕಟ್ಟಿದಳು. ಗ್ಲೌಸು ಹಾಕಿದಳು. ಗಾಜಿನ ಬಟ್ಟಲಿನಲ್ಲಿ ಎಳೆ ಇಟ್ಟು, ನಾನು ತಂದ ಪೆಟ್ಟಿಗೆಯ ಕ್ರೀಮನ್ನು ಬಾಚಣಿಗೆಯ ಬೆನ್ನಿನಿಂದ ಸವರಿ, ಹೊಡೆಯುವ ಗಡಿಯಾರಕ್ಕೆ ಅಲಾರಂ ಇಟ್ಟಳು.

ಆ ಹೊತ್ತಿನಲ್ಲಿ ನಾನು ಮೂರೂ ಗಡಿಯಾರಗಳನ್ನು ನೋಡಿದೆ. ಮೂರೂ ಒಂದೇ ಹೊತ್ತು ತೋರಿಸುತ್ತಿದ್ದವು. ಸೋಮವಾರ ಹತ್ತಿರ ಬರುತ್ತಿದೆ ಎಂದು ಮೂರು ಜನ ಒಟ್ಟಿಗೆ ಹೇಳಿದ ಹಾಗಿತ್ತು.

ಗಡಿಯಾರ ಹೊಡೆಯಿತು. ಆಕೆ ಎಳೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಒತ್ತಿ, ಎರಡು ತುದಿ ಹಿಡಿದು ಮೆಲ್ಲಗೆ ಎಳೆದಳು. ಕೂದಲು ಅಗಿದು ಬಿಟ್ಟ ಚ್ಯೂಯಿಂಗ್ ಗಮ್ಮಿನ ಹಾಗೆ ಉದ್ದವಾಯಿತು. ಇನ್ನೂ ಉದ್ದವಾಯಿತು. ಸದ್ದಿಲ್ಲದೆ ತುಂಡಾಯಿತು. ಉಳಿದ ಎಳೆಗಳನ್ನು ಬೆರಳಿನಿಂದ ಮುಟ್ಟಿದರೆ ಸಾಕು, ಕಿತ್ತುಬಂದವು. ಬಟ್ಟಲಿನ ತಳದಲ್ಲಿ ಕಪ್ಪು ಪುಡಿ ಉಳಿಯಿತು.

ಆಕೆ ಮಗಳ ಪಕ್ಕ ಸ್ಟೂಲು ಎಳೆದುಕೊಂಡು ಕುಳಿತಳು. "ಬೈಯಲ್ಲ. ಏನ್ ಹಚ್ಚಿದ್ದೆ ಹೇಳು."

ಮಗಳು ನನ್ನ ಮುಖ ನೋಡಿದಳು, ಆಮೇಲೆ ತನ್ನ ಮಡಿಲು ನೋಡಿಕೊಂಡಳು. "ಎರಡು ತಿಂಗಳ ಹಿಂದೆ... ಅಪ್ಪನ ಅಂಗಡಿಯಿಂದ ಒಂದು ಬಿಳೀ ಡಬ್ಬಿ ತಗೊಂಡಿದ್ದೆ. ಬಚ್ಚಲಲ್ಲಿ ಹಚ್ಕೊಂಡೆ. ಒಂದು ವಾರ ಚೆನ್ನಾಗಿತ್ತು, ಆಮೇಲೆ ಮತ್ತೆ ಗುಂಗುರಾಯ್ತು. ಕೆಲಸಾನೇ ಮಾಡ್ಲಿಲ್ವಲ್ಲ, ತೊಳೆದು ಹೋಯ್ತು ಅನ್ಕೊಂಡೆ. ಅದಕ್ಕೇ ಹೇಳ್ಲಿಲ್ಲ."

"ವಾಸನೆ ಹೇಗಿತ್ತು?"

"ಮೂಗು ಸುಟ್ಟ ಹಾಗೆ. ಕೊಳೆತ ಮೊಟ್ಟೆ ಥರ."

"ಜೊತೇಲಿ ಇನ್ನೊಂದು ಬಾಟ್ಲಿ ಇರ್ಲಿಲ್ವಾ, ಆಮೇಲೆ ಹಾಕೋದು?"

"ಇಲ್ಲ ಆಂಟಿ. ಡಬ್ಬಿ ಮೇಲೆ ಏನೂ ಬರೆದಿರ್ಲಿಲ್ಲ. ಅಪ್ಪನ ಅಂಗಡಿ ಹೆಸರಿತ್ತು, ಅಷ್ಟೇ."

ಆ ಬಿಳಿಯ ಡಬ್ಬಿ ಏನೆಂದು ಹೇಳಬೇಕಾದವನು ನಾನು. ದೊಡ್ಡ ಡ್ರಮ್ಮಿನಲ್ಲಿ ಬರುವ ಕ್ರೀಮನ್ನು ಚಿಕ್ಕ ಡಬ್ಬಿಗಳಿಗೆ ತುಂಬಿ, ಅಂಗಡಿಯ ಹೆಸರಿನ ಸ್ಟಿಕ್ಕರ್ ಹಚ್ಚಿ, ಸಣ್ಣ ಪಾರ್ಲರುಗಳಿಗೆ ಕೊಡುತ್ತಿದ್ದೆ. ಕ್ರೀಮಿನ ಜೊತೆ ಬರುವ ಎರಡನೆಯ ದ್ರಾವಣ, ಕೂದಲನ್ನು ಮತ್ತೆ ಗಟ್ಟಿ ಮಾಡುವಂಥದ್ದು, ಅದನ್ನು ಬೇರೆ ಕಪಾಟಿನಲ್ಲಿ ಬೇರೆ ಸರಕಾಗಿ ಇಟ್ಟಿದ್ದೆ. ಜೋಡಿ ಒಡೆದರೆ ಹೆಚ್ಚು ಬಿಕರಿಯಾಗುತ್ತದೆ ಎಂಬುದು ನಮ್ಮ ಕಸುಬಿನ ಜಾಣತನ. ಚೀಟಿಗಳೋ, ಅವುಗಳಲ್ಲಿ ಕ್ಲಿಪ್ಪು ಸುತ್ತಿ ಕೊಡುತ್ತಿದ್ದೆ.

ನಾಡಿದ್ದಕ್ಕ ನನ್ನ ಕಡೆ ನೋಡಲಿಲ್ಲ. ಮಗಳಿಗೇ ಹೇಳಿದಳು: "ಕೂದಲು ನೇರ ಮಾಡೋದರಲ್ಲಿ ಎರಡು ಜಾತಿ ಇದೆ. ಈ ಪೆಟ್ಟಿಗೇಲಿರೋದು ಸೋಡಾ ಜಾತಿ. ನೀನು ಹಚ್ಕೊಂಡಿದ್ದು ಥಯೋ ಅಂತ ಇನ್ನೊಂದು. ಎರಡೂ ಅವರವರ ಪಾಡಿಗೆ ಇದ್ರೆ ಕೆಲಸ ಮಾಡ್ತವೆ. ಒಂದು ಹಚ್ಚಿದ ಕೂದಲಿಗೆ ಇನ್ನೊಂದು ತಾಗಿದ್ರೆ ಹೀಗಾಗುತ್ತೆ." ಬಟ್ಟಲು ತೋರಿಸಿದಳು. "ತೊಳೆದು ಹೋಗಲ್ಲ ಮಗಳೇ. ಗುಂಗುರು ವಾಪಸ್ ಬಂದ್ರೂ ಕೂದಲಿಗೆ ನೆನಪಿರುತ್ತೆ. ಇವತ್ತು ತಲೆಗೆ ಹಚ್ಚಿದ್ರೆ ಸಂಜೆಯೊಳಗೆ ಬಾಚಣಿಗೇಲಿ ಎಲ್ಲಾ ಬಂದ್ಬಿಡ್ತಿತ್ತು."

ನನಗೆ ಎದುರಿನ ಪಾರ್ಲರಿನ ಬೋರ್ಡು ಕಿಟಕಿಯಿಂದ ಕಾಣುತ್ತಿತ್ತು. ನೋಡಲಾಗಲಿಲ್ಲ.

"ಸೋಮವಾರ ಏನ್ ಮಾಡ್ಲಿ ಆಂಟಿ?" ಮಗಳು ಬಿಕ್ಕಿದಳು. "ಹೀಗೇ ಹೋದ್ರೆ ವಾಪಸ್ ಕಳಿಸ್ತಾರೆ. ಇನ್ನೊಂದು ಕೆಲಸ ಸಿಗಲ್ಲ. ಪೊರಕೆ ಅಂತಾರೆ. ಎಲ್ಲರೂ ಹಾಗೇ ಅಂದಿದಾರೆ."

ಎಲ್ಲರೂ ಎನ್ನುವಾಗ ಅವಳು ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಚೆನ್ನಾಗಿತ್ತು.

ನಾಡಿದ್ದಕ್ಕ ತನ್ನ ಕೂದಲಿನ ಗಂಟು ಬಿಚ್ಚಿದಳು. ಊರಿನವರ ಕೂದಲೆಲ್ಲ ನೇರ ಮಾಡುವ ಆಕೆಯದು ಬೂದುಬಣ್ಣದ ಗುಂಗುರು. ಬಲಗಿವಿಯ ಹಿಂದಿನಿಂದ ಅದನ್ನು ಮೇಲೆತ್ತಿ ಬಗ್ಗಿದಳು. ಅಲ್ಲಿ ಅಂಗೈಯ ಗುಳಿಯಷ್ಟು ಅಗಲ ಬೋಳು ಚರ್ಮ, ನುಣುಪಾಗಿ, ಗುಲಾಬಿಯಾಗಿ ಹೊಳೆಯುತ್ತಿತ್ತು. ಇಪ್ಪತ್ತಾರು ವರ್ಷಗಳಲ್ಲಿ ನಾನು ಅದನ್ನು ಕಂಡಿರಲಿಲ್ಲ.

"ಹತ್ತೊಂಬತ್ತು ವರ್ಷ ನಂಗೆ ಆಗ. ದೊಡ್ಡ ಪಾರ್ಲರಲ್ಲಿ ಕೆಲಸ. ಹೊಸ ಕ್ರೀಮ್ ಬಂದ್ರೆ ಮೊದ್ಲು ನಮ್ಮ ತಲೆಗೇ. ಹಚ್ಚಿ ಮೇಡಮ್ಮು ಫೋನಲ್ಲಿ ಮಾತಾಡೋಕೆ ಹೋದ್ರು. ಉರೀತಿತ್ತು. ಬೆಂಕಿ ಇಟ್ಟ ಹಾಗೆ ಉರೀತಿತ್ತು. ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಹಲ್ಲು ಕಚ್ಕೊಂಡು ಕೂತಿದ್ದೆ. ನಾಚಿಕೆ ಆಗಿತ್ತು, ನಂಗೊಬ್ಬಳಿಗೇ ಯಾಕೆ ಉರೀತಿದೆ ಅಂತ." ಮಗಳ ಕೈ ಹಿಡಿದು ಆ ಜಾಗದ ಮೇಲೆ ಇಟ್ಟುಕೊಂಡಳು. "ಮುಟ್ಟಿ ನೋಡು. ಈಗ ಏನೂ ಆಗಲ್ಲ."

ಮಗಳು ಮುಟ್ಟಿದಳು. ಅಳು ನಿಂತಿತು.

"ಕೆಲಸ ಹೋಯ್ತಾ ಆಂಟಿ?"

"ಅದೂ ಹೋಯ್ತು," ಎಂದು ನಾಡಿದ್ದಕ್ಕ ನಕ್ಕಳು. "ಸೋಮವಾರ ಅಂದ್ರೆ ನಾಡಿದ್ದು ತಾನೇ? ನಾಡಿದ್ದಿನ ವಿಷಯ ನಂಗೆ ಬಿಟ್ಬಿಡು. ಬೆಳಿಗ್ಗೆ ಆರೂವರೆಗೆ ಬಾ."

ಅಂದು ಆಕೆ ಮಗಳ ಕೂದಲಿನ ತುದಿಯಲ್ಲಿ ಸೀಳಿದ್ದನ್ನೆಲ್ಲ ಕತ್ತರಿಸಿದಳು, ಕಂಡೀಷನರ್ ಹಚ್ಚಿ ಬೆರಳಿನಿಂದಲೇ ಸಿಕ್ಕು ಬಿಡಿಸಿದಳು. ಸೋಮವಾರ ಆರೂವರೆಗೆ ನಾನೂ ಹೋಗಿದ್ದೆ. ಚಪ್ಪಲಿ ಅಂಗಡಿ ಇನ್ನೂ ತೆರೆದಿರಲಿಲ್ಲ, ಮೇಲಿನ ಕೋಣೆಯಲ್ಲಿ ದೀಪವಿತ್ತು. ನೀರು ಚಿಮುಕಿಸಿ, ಅಗಲ ಹಲ್ಲಿನ ಬಾಚಣಿಗೆಯಿಂದ ಹಿಂದಕ್ಕೆ ಒಪ್ಪ ಮಾಡಿ, ಕತ್ತಿನ ಮೇಲೆ ಸಡಿಲವಾದ ತುರುಬು ಸುತ್ತಿ ಒಂಬತ್ತು ಪಿನ್ನು ಸಿಕ್ಕಿಸಿದಳು. "ಬಿಗಿಯಾಗಿ ಕಟ್ಬೇಡ, ಕೂದಲಿಗೆ ಈಗ ಶಕ್ತಿ ಇಲ್ಲ," ಎಂದು ಮಗಳ ಕೈಯಿಂದಲೇ ಎರಡು ಸಲ ಬಿಚ್ಚಿಸಿ ಕಟ್ಟಿಸಿದಳು. ಸಂಜೆ ಮಗಳು ಮನೆಗೆ ಬಂದವಳೇ ಹೇಳಿದ್ದು ಇಷ್ಟು: "ಆ ಅಧಿಕಾರಿ ಗುಡ್ ಮಾರ್ನಿಂಗ್ ಅಂದ್ರು ಅಪ್ಪ. ಕೂದಲಿನ ಬಗ್ಗೆ ಏನೂ ಅನ್ಲಿಲ್ಲ." ಅಷ್ಟು ಚಿಕ್ಕ ಸುದ್ದಿ ಕೇಳಿ ನಾನು ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ನಡುವಿನ ಭಾನುವಾರದ ಕತೆ ಬಿಟ್ಟೆ. ಆ ದಿನ ಅಂಗಡಿಯ ಬಾಗಿಲು ಹಾಕಿಕೊಂಡು ಬಿಳಿಯ ಡಬ್ಬಿ ಕೊಂಡವರಿಗೆಲ್ಲ ಫೋನು ಮಾಡಿದೆ. ಕೆಲವರು ವಾಪಸು ತಂದರು, ಕೆಲವರು "ಮುಗೀತಲ್ಲ ಅಣ್ಣ, ಚೆನ್ನಾಗೇ ಇತ್ತು" ಎಂದರು. ಆ "ಮುಗೀತಲ್ಲ" ಯಾರ ತಲೆಯ ಮೇಲೆ ಮುಗಿದಿದೆ ಎಂದು ಇವತ್ತಿಗೂ ನನಗೆ ತಿಳಿಯದು. ಮಧ್ಯಾಹ್ನ ನಾಡಿದ್ದಕ್ಕ ಕರೆಯದೇ ಬಂದಳು, ಕನ್ನಡಕ ಏರಿಸಿದಳು, ಕೌಂಟರಿನ ಒಳಗೇ ಬಂದುಬಿಟ್ಟಳು.

"ಸೋಡಾ ಜಾತಿ ಈ ಕಡೆ, ಕೆಂಪು ಪಟ್ಟಿ. ಥಯೋ ಆ ಕಡೆ, ಹಸಿರು ಪಟ್ಟಿ. ಥಯೋ ಜೊತೆ ಅದರ ಬಾಟ್ಲಿ ಕಟ್ಟಿಡಿ, ಬೇರೆ ಮಾಡ್ಬೇಡಿ. ಮಧ್ಯದ ಕಪಾಟು ಖಾಲಿ ಬಿಡಿ."

"ಖಾಲಿ ಕಪಾಟಿಗೆ ಬಾಡಿಗೆ ಯಾರು ಕೊಡ್ತಾರೆ ಅಕ್ಕಾ?"

"ಸೋಪ್ ಇಡಿ. ಸೋಪ್ ಯಾರ ಜೊತೆನೂ ಜಗಳ ಆಡಲ್ಲ."

ಸಂಜೆಯವರೆಗೆ ನೆಲದ ಮೇಲೆ ಕುಳಿತು, ಒಂದೊಂದೇ ಚೀಟಿ ಬಿಡಿಸಿ, ಓದಿ ಹೇಳಿದಳು. ನಾನು ಕಾಗದದ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದೆ. ಇಪ್ಪತ್ತಾರು ವರ್ಷ ಮಾರಿದ ಸರಕಿನ ಬಗ್ಗೆ ನಾನು ಅಂದೇ ಮೊದಲ ಸಲ ಓದಿದ್ದು. ಮಗಳ ವಿಷಯ ಆಕೆ ಒಂದು ಸಲವೂ ಎತ್ತಲಿಲ್ಲ. ಹೊರಡುವಾಗ ಮಾತ್ರ ಬಾಗಿಲಲ್ಲಿ ನಿಂತು, "ಸಾವ್ಕಾರ್ರೇ, ಹುಡುಗಿ ಕೂದಲಿಗೆ ಇನ್ನು ಮೇಲೆ ಹೆಸರಿಡ್ಬೇಡಿ," ಎಂದಳು.

ಕೂದಲು ತಿಂಗಳಿಗೆ ಅರ್ಧ ಅಂಗುಲ ಬೆಳೆಯುತ್ತದೆ; ಯಾವ ಸಗಟು ವ್ಯಾಪಾರಿಯೂ ಅದನ್ನು ಅವಸರಪಡಿಸಲಾರ. ಎರಡು ತಿಂಗಳಿಗೊಮ್ಮೆ ಮಗಳು ಆ ಮೆಟ್ಟಿಲು ಹತ್ತಿ ಕೆಟ್ಟ ಭಾಗವನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸಿಕೊಂಡು ಬಂದಳು. ಹದಿನಾಲ್ಕು ತಿಂಗಳಿಗೆ ಹಳೆಯದೆಲ್ಲ ಹೋಗಿ, ಹೊಸ ಗುಂಗುರು ಗಲ್ಲದವರೆಗೆ ಇಳಿಯಿತು. ಅಷ್ಟರಲ್ಲಿ ಅವಳು ಅದೇ ಕೌಂಟರಿನಲ್ಲಿ ಇಬ್ಬರಿಗೆ ಕೆಲಸ ಹೇಳಿಕೊಡುವವಳಾಗಿದ್ದಳು. ಆಮೇಲೆ ಒಂದು ದಿನ ಅವಳೇ ಹೋಗಿ, "ಆಂಟಿ, ಈಗ ನೇರ ಮಾಡ್ಬಹುದಾ?" ಎಂದು ಕೇಳಿದಳಂತೆ.

"ಮಾಡ್ಬಹುದು. ಯಾರಿಗೋಸ್ಕರ?"

"ನಂಗೋಸ್ಕರ. ಒಂದೇ ಒಂದು ಸಲ ಗಾಳೀಲಿ ಹಾರೋದು ನೋಡ್ಬೇಕು."

ನಾಡಿದ್ದಕ್ಕ ಬರೆದುಕೊಂಡು, ಕಿವಿಯ ಹಿಂದೆ ಕಾಳಿನಷ್ಟು ಹಚ್ಚಿ ನೋಡಿ, ಎಳೆ ಕತ್ತರಿಸಿ ಪರೀಕ್ಷಿಸಿ, ನಾಡಿದ್ದು ಬಾ ಎಂದಳು. ಈ ಸಲ ಎಳೆ ತುಂಡಾಗಲಿಲ್ಲ.

ನಾನು ಬೇಡವೆನ್ನಬೇಕೆಂದಿದ್ದೆ. ಕಾಗೆಗೂಡಿನ ಮೇಲೆ ನನಗೆ ಆಗ ಪ್ರೀತಿ ಹುಟ್ಟಿತ್ತು. ಅವಳ ತಾಯಿ, "ಅವಾಗ ಬೇಕು ಅಂದ್ರಿ, ಈಗ ಬೇಡ ಅಂತೀರ, ತಲೆ ಅವಳದು," ಎಂದು ಬಾಯಿ ಮುಚ್ಚಿಸಿದಳು. ಹೋಗಿ ಮೂಲೆಯ ಸ್ಟೂಲಿನ ಮೇಲೆ ಕುಳಿತುಕೊಂಡೆ.

ಹಿಂದಿನ ದಿನ ತಲೆ ತೊಳೆಯಬೇಡ, ಕೆರೆಯಬೇಡ ಎಂದು ಆಕೆ ಮೊದಲೇ ಹೇಳಿದ್ದಳು. ಹಣೆಯ ಅಂಚು, ಕಿವಿಯ ಮೇಲೆ, ಕತ್ತಿನ ಹಿಂದೆ, ಬೈತಲೆಗಳ ಉದ್ದಕ್ಕೂ ವ್ಯಾಸಲೀನು ಸವರಿದಳು. ಕಿಟಕಿ ತೆರೆದಿತ್ತು. ಕೈಗೆ ಗ್ಲೌಸು. "ಉರಿದ್ರೆ ನಾಚ್ಕೋಬೇಡ, ಕಿರುಚು. ಅರ್ಧಕ್ಕೇ ತೊಳೀತೀನಿ, ಅರ್ಧ ನೇರ ಅರ್ಧ ಗುಂಗುರು ಆದ್ರೂ ಪರವಾಗಿಲ್ಲ." ಬುರುಡೆಗೆ ತಾಗದಂತೆ ಒಂದೊಂದೇ ಪದರಕ್ಕೆ ಕ್ರೀಮು ಹಚ್ಚುತ್ತಾ ಹೋದಳು. ಕೆಳಗಿನಿಂದ ಗಂಡ ಚಹಾ ಹಿಡಿದು ಬಂದ. "ಮಾತಾಡ್ಬೇಡಿ, ನಿಮಿಷ ನಡೀತಿದೆ," ಎಂದಳು. ಅವನು ಚಹಾ ನನ್ನ ಕೈಗಿತ್ತು ಬೆಕ್ಕಿನ ಹಾಗೆ ಇಳಿದು ಹೋದ. ಎರಡು ನಿಮಿಷಕ್ಕೊಮ್ಮೆ ಆಕೆ ಬಗ್ಗಿ, "ಹೇಗಿದೆ ಮಗಳೇ?" ಎಂದು ಕೇಳುತ್ತಿದ್ದಳು. ಫೋನು ಎರಡು ಸಲ ಬಡಿದುಕೊಂಡಿತು. ಆಕೆ ತಿರುಗಿಯೂ ನೋಡಲಿಲ್ಲ.

ಗಡಿಯಾರ ಹೊಡೆಯಿತು. ಮೊಣಕೈ ಒಡ್ಡಿ ನೀರಿನ ಬಿಸಿ ನೋಡಿ, ಕೂಸಿಗೆ ಸ್ನಾನ ಮಾಡಿಸುವವರ ಹಾಗೆ ಬಹಳ ಹೊತ್ತು ತೊಳೆದಳು. ಆಮೇಲೆ ಕ್ರೀಮಿನ ಜೊತೆಗೇ ಬರುವ ಶಾಂಪೂ ಹಾಕಿದಳು. ನೊರೆ ಗುಲಾಬಿಯಾಗಿ ಬಂತು. "ಗುಲಾಬಿ ಇದ್ರೆ ಮದ್ದು ಇನ್ನೂ ಇದೆ ಅಂತ," ಎಂದು ನನಗೆ ಕೇಳುವಂತೆ ಹೇಳಿ ಮತ್ತೆ ತೊಳೆದಳು. ಮೂರನೆಯ ಸಲ ನೊರೆ ಬೆಳ್ಳಗೆ ಬಂತು. ನಾನು ತಣ್ಣಗಾಗಿದ್ದ ಚಹಾ ಕುಡಿದೆ.

"ಇನ್ನು ಮೂರು ತಿಂಗಳು ಈ ಕಡೆ ಬರ್ಬೇಡ," ಎಂದಳು ಮಗಳಿಗೆ. "ಬಂದ್ರೂ ಹೊಸದಾಗಿ ಬೆಳೆದ ಬುಡಕ್ಕೆ ಮಾತ್ರ. ಹಚ್ಚಿದ್ದಕ್ಕೇ ಮತ್ತೆ ಹಚ್ಚಬಾರದು. ಮೇಲಿಂದ ಮೇಲೆ ವರ್ಷಗಟ್ಟಲೆ ಹಚ್ಕೊಳ್ಳೋದು ಮೈಗೂ ಒಳ್ಳೇದಲ್ಲ ಅಂತ ಡಾಕ್ಟರುಗಳು ಹೇಳ್ತಾ ಇದಾರೆ. ಸಾಕು ಅನ್ಸಿದ್ರೆ ಬಿಟ್ಬಿಡು, ನಿಂದು ನಿಂಗೆ ವಾಪಸ್ ಬರುತ್ತೆ."

ಕೂದಲು ಒಣಗಿದ ಮೇಲೆ ಮಗಳು ಕಿಟಕಿಯ ಹತ್ತಿರ ಹೋಗಿ ನಿಂತಳು. ಹೊರಕ್ಕೆ ತಿರುಗಿದ್ದ ಫ್ಯಾನನ್ನು ನಾಡಿದ್ದಕ್ಕ ಒಳಕ್ಕೆ ತಿರುಗಿಸಿದಳು. ಕೂದಲು ಹಾರಿತು. ಮಗಳು ಬಾಯಿಗೆ ಬಂದ ಎಳೆ ತೆಗೆಯುತ್ತಾ ನಗುತ್ತಿದ್ದಳು. ನಾನು ಹೆಸರಿಡಲಿಲ್ಲ.

ಆಮೇಲೆ ಅವಳು ಮತ್ತೆ ಮಾಡಿಸಿಕೊಂಡದ್ದು ಒಂದೇ ಸಲ. ಈಗ ಬುಡದಿಂದ ಗುಂಗುರು ವಾಪಸು ಬರುತ್ತಿದೆ. ಹದಿನೇಳನೆಯ ನೋಟ್‌ಬುಕ್ಕಿನಲ್ಲಿ ಅವಳ ಹೆಸರಿಗೆ ಮೂರು ಕಡೆ ಎಳೆಗಳಿವೆ. ಮೊದಲನೆಯ ಕಡೆ ಅಂಟುಪಟ್ಟಿಯ ಕೆಳಗೆ ಇರುವುದು ಬರೀ ಪುಡಿ.

ನಾಡಿದ್ದಕ್ಕ ಈಗಲೂ ಮೂರು ತಿಂಗಳಿಗೊಮ್ಮೆ ಬರುತ್ತಾಳೆ, ಆರೇ ಡಬ್ಬಿ ಕೊಳ್ಳುತ್ತಾಳೆ, ಅರ್ಧ ಮಧ್ಯಾಹ್ನ ತಿನ್ನುತ್ತಾಳೆ. ಆಕೆ ಕೇಳುವ ಮೊದಲೇ ನಾನು ಚೀಟಿ ತೆಗೆದು ಮುಂದಿಡುತ್ತೇನೆ. ಅದನ್ನು ನಾನೂ ಓದಿರುತ್ತೇನೆ ಎಂದು ಆಕೆಗೆ ಗೊತ್ತು. ಆದರೂ ಕನ್ನಡಕ ಏರಿಸಿ ಮೊದಲಿನಿಂದ ಓದುತ್ತಾಳೆ.

ನನ್ನ ಮಗಳ ತಲೆಯ ಮೇಲೆ ಕೂದಲು ಉಳಿದಿರುವುದು ಆಕೆಯಿಂದ. ನಾನು ಮಾರುವ ಡಬ್ಬಿಯೊಳಗೆ ಏನಿದೆ ಎಂದು ನನಗೆ ಗೊತ್ತಿರುವುದೂ ಆಕೆಯಿಂದ.